ಕಲ್ತೂಬಿನಪಾಳ್ಯದ ಹಾಲು

ಹೆಬ್ಬೂರು ದಾಟಿದ ಮೇಲೆ ಮುಂದಿನ ಸೀಟಿನ ಹೆಂಗಸು ಪಕ್ಕದವಳ ಕಡೆ ಬಾಗಿ ಹೇಳಿದ ಮಾತು ಲಕ್ಷ್ಮೀಕಾಂತನಿಗೆ ಕೇಳಿಸಿತು. “ಆ ಮನೆ ಹಾಲು ಕುಡುದ್ರೆ ಮೂರು ದಿನದೊಳಗೆ ಕುಡ್ದೋರ ಮನೆ ಹೊಸಿಲು ಒದ್ದೆಯಾಗ್ತದಂತೆ ಕಣೇ. ಕೆರೆಗ್ ಬಿದ್ದ ಹುಡ್ಗಿ ಬಂದು ನಿಂತು ಹೋಗ್ತಾಳಂತೆ.” ಪಕ್ಕದವಳಿಗೆ ಅದು ಹೊಸ ಸಂಗತಿಯಾಗಿರಲಿಲ್ಲ. “ಕಲ್ತೂಬಿನಪಾಳ್ಯದ್ದು ತಾನೇ? ನಮ್ಮಜ್ಜಿ ಕಾಲ್ದಿಂದ್ಲೂ ಹೇಳ್ತಾರೆ ಬುಡು ಅದ್ನ,” ಎಂದು ಮಡಿಲಲ್ಲಿದ್ದ ಸೊಪ್ಪಿನ ಕಟ್ಟನ್ನು ಸರಿಮಾಡಿಕೊಂಡಳು.

ಲಕ್ಷ್ಮೀಕಾಂತ ತನ್ನ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡ. ಅದರಲ್ಲಿ ನಾದಿನಿಯ ಗೃಹಪ್ರವೇಶದ ಕಾರ್ಡುಗಳಿದ್ದವು. ಕುಣಿಗಲ್‌ನ ನೆಂಟರ ಮನೆಗಳಿಗೆಲ್ಲ ಹಂಚಿ ಸಂಜೆಯೊಳಗೆ ತುಮಕೂರಿಗೆ ವಾಪಸಾಗಬೇಕೆಂದು ಹೆಂಡತಿ ಪ್ರೇಮಲತಾ ಹೇಳಿ ಕಳಿಸಿದ್ದಳು. ಅಜ್ಜಿ ಕಾಲದ್ದಲ್ಲಮ್ಮ, ನಾಲ್ಕು ತಿಂಗಳ ಹಿಂದಿನದು ಎಂದು ಎದ್ದು ನಿಂತು ಹೇಳಬೇಕೆನಿಸಿತು. ಸತ್ಯಮಂಗಲದ ಕಾರ್ಖಾನೆಯಲ್ಲಿ ಒಂದು ಶನಿವಾರ ಊಟದ ಬಿಡುವಿನಲ್ಲಿ, ಚಿತ್ರಾನ್ನದ ಡಬ್ಬಿ ಪಕ್ಕಕ್ಕಿಟ್ಟು, ರಿಜೆಕ್ಷನ್ ಚೀಟಿಯ ಹಿಂಬದಿಯಲ್ಲಿ ಅವನೇ ಬರೆದದ್ದು ಅದು. ಮೊದಲು ‘ಆ ಮನೆಯ ಹಾಲು ಕುಡಿದವರು ಸಾಯುತ್ತಾರೆ’ ಎಂದು ಬರೆದಿದ್ದ. ತೀರಾ ಸಪ್ಪೆ ಎನಿಸಿ ಹೊಡೆದುಹಾಕಿದ್ದ. ಆಮೇಲೆ ಒದ್ದೆ ಹೊಸಿಲು ಹೊಳೆದಿತ್ತು. ಹೊಳೆದಾಗ ಬೆನ್ನಿನಲ್ಲಿ ಸಣ್ಣಗೆ ಚಳಿಯಾಗಿ, ಒಬ್ಬನೇ ನಕ್ಕಿದ್ದ. ಈಗ ಅದೇ ಸಾಲು, ಅಪರಿಚಿತ ಹೆಂಗಸಿನ ಬಾಯಲ್ಲಿ, ಕೆಎಸ್‌ಆರ್‌ಟಿಸಿ ಬಸ್ಸಿನ ಗಡಗಡದ ನಡುವೆ, ಎಷ್ಟೋ ತಲೆಮಾರು ದಾಟಿ ಬಂದದ್ದರಂತೆ ಸವೆದು ನುಣುಪಾಗಿ ಕೇಳಿಸುತ್ತಿತ್ತು. ಅವನಿಗೆ ಹೆದರಿಕೆಯಾದದ್ದು ನಿಜ. ಆದರೆ ಹೆದರಿಕೆಗಿಂತ ಮೊದಲು ಹೊಟ್ಟೆಯೊಳಗೆ ಒಂದು ಹಿಗ್ಗು ಎದ್ದಿತ್ತು. ಎಷ್ಟು ಅದುಮಿದರೂ ಆ ಹಿಗ್ಗು ಪೂರ್ತಿ ಅಡಗಲಿಲ್ಲ. ಅದೇ ಅವನಿಗೆ ಅಸಹ್ಯವಾಗಿ ಕಂಡಿತು.

ಕಾರ್ಖಾನೆಯಲ್ಲಿ ಅವನ ಕೆಲಸ ಪಂಪಿನ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕೆ ಎಸೆಯುವುದು. ಹದಿನಾರು ವರ್ಷದಿಂದ ಅದೇ. ಹುಡುಗರು ಅವನ ಕೈಯ ಅಳತೆಯ ಉಪಕರಣದ ಹೆಸರನ್ನೇ ಹಿಡಿದು ಅವನಿಗೆ ‘ವರ್ನಿಯರ್’ ಎಂದು ಹೆಸರಿಟ್ಟಿದ್ದರು, ಸೂಪರ್‌ವೈಸರ್ ಕೂಡ ಒಮ್ಮೆ ಮಾಲೀಕರೆದುರು ಅವನ ನಿಜವಾದ ಹೆಸರು ನೆನಪಾಗದೆ ತಡವರಿಸಿ, “ಇವರೇ ನಮ್ಮ... ಚೆಕಿಂಗ್‌ನೋರು” ಎಂದಿದ್ದ. ಅಂಥವನ ಬಾಯನ್ನೇ ನಾಲ್ಕು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದುದು ಭಾನುವಾರ ಮಧ್ಯಾಹ್ನ ಮಾತ್ರ. ಬಟವಾಡಿಯಲ್ಲಿ ಚನ್ನೇಶನ ಮೆಡಿಕಲ್ ಸ್ಟೋರಿನ ಮೇಲಿನ ಕೋಣೆ. ಔಷಧಿಯ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಒಂದು ಮೇಜು, ದಾಳಗಳು, ಲಕ್ಷ್ಮೀಕಾಂತ ಕೈಯಾರೆ ಬರೆದ ನಕ್ಷೆ. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರ ಹೊರಬೇಕು. ಒಬ್ಬ ಪೊಲೀಸು, ಒಬ್ಬಳು ಡಾಕ್ಟರು, ಹೀಗೆ. ಕಥೆ ನಡೆಸುವವನು ಲಕ್ಷ್ಮೀಕಾಂತ. ಅವರು ಹೋಗುವ ದಾರಿ, ತೆರೆಯುವ ಬಾಗಿಲು, ಬಾಗಿಲ ಹಿಂದೆ ಇರುವುದು, ಎಲ್ಲ ಅವನ ಬಾಯಿಂದಲೇ ಬರಬೇಕು. ಹೆದರಿ ಓಡುತ್ತಾರೋ ನಿಲ್ಲುತ್ತಾರೋ ಎಂಬುದನ್ನು ಮಾತ್ರ ದಾಳ ಹೇಳುತ್ತದೆ. ಆಟದ ಜೊತೆ ಬಂದ ಪುಸ್ತಕದಲ್ಲಿದ್ದ ಹೊರದೇಶದ ಕೋಟೆ, ಮಂಜು, ಚರ್ಚಿನ ಗಂಟೆಗಳಿಗೆ ಯಾರೂ ಹೆದರಲಿಲ್ಲ. ಅವನು ತನ್ನ ಹುಟ್ಟೂರು ಗುಬ್ಬಿಯನ್ನು ತಂದ. ಮಡಿಸಿಟ್ಟ ಹಳೆಯ ನಾಟಕದ ಪರದೆಯೊಂದನ್ನು ಬಿಚ್ಚಿದರೆ ಅದರಲ್ಲಿ ಬರೆದ ಅರಮನೆಯ ಕಿಟಕಿಯಲ್ಲಿ ದಿನಕ್ಕೊಂದು ಹೊಸ ಮುಖ ಮೂಡುತ್ತದೆ ಎಂದ. ಚನ್ನೇಶ ಕುರ್ಚಿ ಹಿಂದಕ್ಕೆ ಸರಿಸಿದ. ಕುಣಿಗಲ್‌ನ ಕುದುರೆ ಫಾರಂ ತಂದ, ಅಲ್ಲಿ ಸವಾರನಿಲ್ಲದೆ ಬೆವರಿ ಬರುವ ಕುದುರೆಯನ್ನು ತಂದ. ತಾವು ದಿನಾ ಬಸ್ಸಿನಲ್ಲಿ ಹಾದುಹೋಗುವ ಜಾಗ ಎಂದರೆ ಜನ ಹೇಗೆ ಕೂತಲ್ಲೇ ಕುಗ್ಗುತ್ತಾರೆ ಎಂಬುದು ಅವನಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಅವನಿಗೆ ನಿಜವಾದ ಹೆಸರುಗಳೇ ಬೇಕಾದವು.

ಹಾಗೆ ಹುಡುಕುತ್ತ ಬಂದದ್ದು ಕಲ್ತೂಬಿನಪಾಳ್ಯಕ್ಕೆ. ಕೆರೆಯ ನೀರನ್ನು ಗದ್ದೆಗೆ ಬಿಡುವ ಕಲ್ಲಿನ ತೂಬು ಬಹಳ ಹಳೆಯದೆಂದು ಯಾರೋ ಹೇಳಿದ್ದರು. ಏರಿಯ ಮೇಲೆ ಬೀಡಿ ಸೇದುತ್ತ ಕೂತಿದ್ದ ಗಂಗಹನುಮಯ್ಯ ಮೂವತ್ತು ವರ್ಷ ಆ ಕೆರೆಯ ನೀರಗಂಟಿಯಾಗಿದ್ದವನು, ತೂಬು ಎತ್ತಿ ಇಳಿಸಿದವನು. ಅವನ ಬಾಯಿಂದ ಇತಿಹಾಸ ಹೊರಡಿಸಲು ಲಕ್ಷ್ಮೀಕಾಂತ ಒಂದು ಕಟ್ಟು ಬೀಡಿ ಕೊಡಿಸಿದ. ಮುದುಕ ಕಲ್ಲಿನ ಬಗ್ಗೆ ಏನೂ ಹೇಳಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಶಶಿರೇಖಾ ಅಂತ ಹತ್ತೊಂಬತ್ತು ವರ್ಷದ ಹುಡುಗಿಯನ್ನು ಈ ತೂಬಿನ ಬಾಯಿಂದ ತಾನೇ ಎಳೆದು ತೆಗೆದೆನೆಂದೂ, ಜಾರಿದಳೋ ಹಾರಿದಳೋ ಇವತ್ತಿಗೂ ಯಾರಿಗೂ ತಿಳಿಯದೆಂದೂ, ತಾಯಿ ಹನುಮಕ್ಕ ಆ ಕೊನೆಮನೆಯಲ್ಲಿ ಹಸು ಕಟ್ಟಿಕೊಂಡು ಹಾಲು ಮಾರುತ್ತಾಳೆಂದೂ ಹೇಳಿದ. ಹೇಳಿ ಮುಗಿಸಿ ಅವನ ಮೊಣಕೈ ಹಿಡಿದುಕೊಂಡ. “ಇದ್ನ ಯಾರ್ತಾವೂ ಯೋಳ್ಬ್ಯಾಡಿ ಸ್ವಾಮಿ. ಅವ್ವ ಇನ್ನೂ ಅವ್ಳೆ.” ಲಕ್ಷ್ಮೀಕಾಂತ ತಲೆಯಾಡಿಸಿದ್ದ. ಮನಸ್ಸಿಲ್ಲದೆ ಆಡಿಸಿದ್ದಲ್ಲ, ಮನಃಪೂರ್ವಕವಾಗಿಯೇ ಆಡಿಸಿದ್ದ. ಬಸ್ಸು ಹತ್ತುವ ಹೊತ್ತಿಗೆ ಅವನ ತಲೆಯೊಳಗೆ ಆಗಲೇ ಹುಡುಗಿಯ ಕೂದಲಿನಿಂದ ನೀರು ತೊಟ್ಟಿಕ್ಕಲು ಶುರುವಾಗಿತ್ತು.

ಆ ಭಾನುವಾರ ಕಿಟಕಿ ಮುಚ್ಚಿಸಿದ. ಆಟದಲ್ಲಿ ಕೃತಿಕಾ ಡಾಕ್ಟರ ಪಾತ್ರದಲ್ಲಿದ್ದಳು, ನಿಜದಲ್ಲಿ ಬಿ.ಎಡ್ ಓದುತ್ತಿದ್ದ, ಮಾತು ಮಾತಿಗೂ ನಗುವ ಹುಡುಗಿ. ಪಾಳ್ಯದಲ್ಲಿ ಅವರು ಉಳಿದುಕೊಂಡ ಮನೆಯ ಬಾಗಿಲನ್ನು ಯಾರೋ ತಟ್ಟುತ್ತಾರೆ ಎಂದ ಲಕ್ಷ್ಮೀಕಾಂತ, ಮೇಜಿನ ಅಡಿಯಿಂದ ತಾನೇ ಮೂರು ಸಲ ತಟ್ಟಿದ. ಆಮೇಲೆ ಎಂದೂ ಮಾಡಿರದ ಒಂದು ಕೆಲಸ ಮಾಡಿದ. ದನಿಯನ್ನು ಸಣ್ಣ ಮಾಡಿ, ಹೆಣ್ಣಿನ ದನಿಯನ್ನು ಅಣಕಿಸದೆ, ಸುಮ್ಮನೆ ದಣಿದವಳಂತೆ, “ನಾನು ಶಶಿರೇಖಾ. ತಲೆ ಒದ್ದೆಯಾಗಿದೆ. ಒರೆಸ್ಕೊಳ್ಳೋಕೆ ಬಟ್ಟೆ ಕೊಡ್ತೀರಾ?” ಎಂದ. ಯಾರೂ ದಾಳ ಎತ್ತಲಿಲ್ಲ. ಕೃತಿಕಾಳ ಮುಖದಲ್ಲಿ ನಗು ಇರಲಿಲ್ಲ. “ಸರ್, ಇದು ನಿಜವಾಗ್ಲೂ ಆಗಿದ್ದಾ?” ಎಂದು ಕೇಳಿದಳು. ಆಗ ಇಲ್ಲಮ್ಮ, ನಾನೇ ಕಟ್ಟಿದ್ದು ಎನ್ನಬಹುದಿತ್ತು. ಹುಡುಗಿ ಸತ್ತದ್ದು ನಿಜ, ಉಳಿದದ್ದು ಸುಳ್ಳು ಎಂದಾದರೂ ಎನ್ನಬಹುದಿತ್ತು. ನಾಲ್ಕು ಜೊತೆ ಕಣ್ಣುಗಳು ಅವನ ಮೇಲಿದ್ದವು. “ಆಗಿದ್ದೇ,” ಎಂದ. “ಈಗ್ಲೂ ಆಗ್ತಿದೆ. ಆ ಮನೆ ಹಾಲನ್ನ ಮಾತ್ರ ಯಾವತ್ತೂ ಕುಡೀಬೇಡಿ.”

ಚನ್ನೇಶ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡದ್ದು ಅವನಿಗೆ ಗೊತ್ತಾದದ್ದು ವಾರ ಕಳೆದ ಮೇಲೆ. ಬೈಕಿನಲ್ಲಿ ಪಾಳ್ಯಕ್ಕೆ ಹೋಗಿ ತೂಬನ್ನೂ ಕೊನೆಮನೆಯನ್ನೂ ಚಿತ್ರ ತೆಗೆದು, ಅದರ ಮೇಲೆ ಲಕ್ಷ್ಮೀಕಾಂತನ ದನಿ ಕೂಡಿಸಿ ವೀಡಿಯೋ ಮಾಡಿ ಇಂಟರ್ನೆಟ್ಟಿಗೆ ಬಿಟ್ಟಿದ್ದ. ಲಕ್ಷಗಟ್ಟಲೆ ಜನ ನೋಡಿದರು. ಲಕ್ಷ್ಮೀಕಾಂತ ಚನ್ನೇಶನಿಗೆ ಬೈದ. ಬೈದ ಮೇಲೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಇಯರ್‌ಫೋನ್ ಸಿಕ್ಕಿಸಿ, ಮತ್ತೆ ಮತ್ತೆ ನೋಡಿದ. ಕೆಳಗೆ ಯಾರೋ ‘ಈ ದನಿ ಕೇಳಿ ಎರಡು ದಿನ ನಿದ್ದೆ ಬಂದಿಲ್ಲ’ ಎಂದು ಬರೆದಿದ್ದರು. ಅದನ್ನು ಅವನು ಎಷ್ಟು ಸಲ ಓದಿದನೋ. ಆ ಮನೆಯೊಳಗೆ ಒಬ್ಬ ಹೆಂಗಸು ಇದ್ದಾಳೆ ಎಂಬುದು ಗೊತ್ತಿತ್ತು. ನಾಲಿಗೆಯ ಕೆಳಗೆ ಸಿಕ್ಕಿಕೊಂಡ ಅಡಿಕೆಚೂರಿನಂತೆ ಗೊತ್ತಿತ್ತು.

“ಪಾಳ್ಯದ ಗೇಟು ಯಾರ್ರೀ?” ಎಂದು ಕಂಡಕ್ಟರ್ ಕೂಗಿದಾಗ ಲಕ್ಷ್ಮೀಕಾಂತ ಎದ್ದು ನಿಂತಿದ್ದ. ಇಳಿಯಬೇಕೆಂದು ಅವನು ತೀರ್ಮಾನಿಸಿರಲಿಲ್ಲ. “ಕುಣಿಗಲ್‌ಗೆ ತಗೊಂಡಿದೀರಲ್ರೀ ಟಿಕೇಟು?” ಎಂದ ಕಂಡಕ್ಟರ್. ಮುಂದಿನ ಸೀಟಿನ ಇಬ್ಬರು ಹೆಂಗಸರೂ ತಿರುಗಿ, ಪಾಳ್ಯಕ್ಕೆ ಇಳಿಯುವವನ ಮುಖವನ್ನು ನೋಡಿದರು. ಒಬ್ಬಳು ಸೆರಗನ್ನು ಬಾಯಿಗೆ ತಂದುಕೊಂಡಳು.

ರಸ್ತೆಯಿಂದ ಕೆರೆ ಏರಿಗೆ ಅರ್ಧ ಮೈಲಿ. ಬಿಸಿಲು ನೆತ್ತಿಗೆ ಬಂದಿತ್ತು. ಎರಡೂ ಕಡೆ ರಾಗಿ ಕೊಯ್ದ ಕೂಳೆ, ಅದರಾಚೆ ತೆಂಗಿನ ತೋಟ. ಎಲ್ಲಿಯೂ ಮನುಷ್ಯರ ಸದ್ದಿರಲಿಲ್ಲ. ನಡೆಯುತ್ತಲೇ ಚನ್ನೇಶನಿಗೆ ಫೋನು ಮಾಡಿದ. “ಅದನ್ನ ಈಗಲೇ ತೆಗೆದುಹಾಕು.” ಚನ್ನೇಶ ಯಾರಿಗೋ ಮಾತ್ರೆ ಕೊಡುತ್ತಿದ್ದನೆಂದು ಕಾಣುತ್ತದೆ. “ಊಟ ಆದ್ಮೇಲೆ ಒಂದು ತಗೊಳ್ಳಿ... ಸರ್, ನಮ್ದು ತೆಗೆದು ಮೂರು ತಿಂಗಳಾಯ್ತು. ನೀವು ಬೈದ್ರಲ್ಲ, ಅದಕ್ಕೇ. ಆದ್ರೆ ಬೇರೆಯವ್ರು ಹಾಕ್ಕೊಂಡಿದಾರೆ. ಅವ್ರದ್ದು ನಮ್ದಕ್ಕಿಂತ ಜಾಸ್ತಿ ಓಡ್ತಿದೆ. ಒಬ್ಬ ಅಂತೂ ಆ ಅಜ್ಜೀನೇ ಹುಡುಗೀನ ತಳ್ಳಿದ್ದು ಅಂತ ಸೇರಿಸಿದಾನೆ.” ಲಕ್ಷ್ಮೀಕಾಂತ ನಿಂತ. “ನಾನು ಹಂಗೆ ಹೇಳ್ಲಿಲ್ವಲ್ಲೋ.” “ನೀವು ಹೇಳ್ಲಿಲ್ಲ ಸರ್. ಕಥೆ ಅಲ್ವಾ, ಬೆಳೀತದೆ.” ಅವನ ದನಿಯಲ್ಲಿ ದುರುದ್ದೇಶವೇನೂ ಇರಲಿಲ್ಲ.

ತೂಬಿನ ಕಲ್ಲಿಗೆ ಯಾರೋ ಕುಂಕುಮ ಮೆತ್ತಿದ್ದರು, ನಿಂಬೆಹಣ್ಣು ಕೊಯ್ದಿಟ್ಟಿದ್ದರು. ನಾಲ್ಕು ತಿಂಗಳ ಹಿಂದೆ ಅದು ಬರೀ ಕಲ್ಲಾಗಿತ್ತು. ಕೊನೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಯಾವುದೋ ಬರಹ. ಒರೆಸಿದ್ದರು, ಆದರೂ ಕಾಣುತ್ತಿತ್ತು. ಕೊಟ್ಟಿಗೆಯಲ್ಲಿ ಎರಡು ಗೂಟಗಳಿದ್ದವು, ಒಂದು ಹಸು ಮಾತ್ರ ಇತ್ತು. ಬಾಗಿಲ ಪಕ್ಕದ ಮೊಳೆಗೆ ಒಗೆದು ಮಡಿಸಿದ ಬಿಳಿ ಟವೆಲು ನೇತಾಡುತ್ತಿತ್ತು. ಲಕ್ಷ್ಮೀಕಾಂತ ಅದನ್ನು ನೋಡುತ್ತ ನಿಂತುಬಿಟ್ಟ. ಯಾರದೋ ಮೈ ಒರೆಸುವ ಬಟ್ಟೆ, ಒಣಹಾಕಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡ.

“ವೀಡಿಯಾನಾ?” ಎಂಬ ದನಿ ಒಳಗಿಂದ ಬಂತು. ಹನುಮಕ್ಕ ಅವನು ಅಂದುಕೊಂಡಿದ್ದಂತೆ ಬಾಗಿದ ಮುದುಕಿಯಾಗಿರಲಿಲ್ಲ. ನೆಟ್ಟಗಿನ, ಎತ್ತರದ ಹೆಂಗಸು. ಕೈಗಳು ಗಂಡಸಿನ ಕೈಗಳಂತಿದ್ದವು. “ತಕ್ಕೊಳ್ಳೋದಿದ್ರೆ ಬಿರ್‌ಬಿರ್ನೆ ತಕ್ಕೊಂಡು ಹೋಗು. ಒಳೀಕ್ ಬರ್ಬ್ಯಾಡ, ಹಸಾ ಬೆದರ್ತದೆ.”

“ವೀಡಿಯೋ ಅಲ್ಲಮ್ಮ. ನಿಮ್ಮ ಹತ್ರ ಮಾತಾಡ್ಬೇಕಿತ್ತು.”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಜಗುಲಿಯ ಕಡೆ ಕೈ ತೋರಿಸಿ ಒಳಹೋದಳು. ಬಂದಾಗ ಕೈಯಲ್ಲಿ ಲೋಟವಿತ್ತು. “ಬಿಸ್ಲಲ್ಲಿ ಬಂದಿದ್ದೀಯ. ಕುಡಿ.” ಬಿಸಿ ಹಾಲು, ಮೇಲೆ ತೆಳ್ಳಗೆ ಕೆನೆ. ಲಕ್ಷ್ಮೀಕಾಂತ ಲೋಟ ತೆಗೆದುಕೊಂಡ. ಬಾಯಿಗೆ ಒಯ್ಯಬೇಕು. ಕೈ ಏಳಲಿಲ್ಲ. ಅದನ್ನು ಬರೆದದ್ದು ತಾನು, ಚಿತ್ರಾನ್ನದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಹೊಡೆದುಹಾಕಿ ತಿದ್ದಿ ಬರೆದದ್ದು. ಅಷ್ಟು ಗೊತ್ತಿದ್ದೂ ಪ್ರೇಮಲತಾ ಬೆಳಿಗ್ಗೆ ರಂಗೋಲಿ ಹಾಕುವ ತನ್ನ ಮನೆಯ ಹೊಸಿಲು ಕಣ್ಣ ಮುಂದೆ ಬಂತು, ಅದರ ಮೇಲೆ ನೀರಿನ ಗುರುತು ಬಂತು. ಹನುಮಕ್ಕ ಅವನ ಕೈಯನ್ನೇ ನೋಡುತ್ತಿದ್ದಳು. ಡೇರಿಯಲ್ಲಿ ಹೆಂಗಸರು ತಮ್ಮ ಕ್ಯಾನುಗಳನ್ನು ಅವಳ ಕ್ಯಾನಿನಿಂದ ದೂರ ಎಳೆದುಕೊಳ್ಳುವಾಗಲೂ ಅವಳು ಹೀಗೆಯೇ ನೋಡಿರಬೇಕು.

“ನೀನೂನಾ?” ಎಂದಳು. ಕೋಪವಿರಲಿಲ್ಲ.

ಅವನು ಒಂದೇ ಉಸಿರಿಗೆ ಕುಡಿದ. ನಾಲಿಗೆ ಸುಟ್ಟಿತು. ಸುಟ್ಟದ್ದು ಒಳ್ಳೆಯದೇ ಆಯಿತು ಎನಿಸಿತು. “ಅಮ್ಮ, ಆ ಕಥೆ ಕಟ್ಟಿದ್ದು ನಾನು. ಹಾಲಿನ ವಿಷಯ, ಹೊಸಿಲಿನ ವಿಷಯ, ಯಾವುದೂ ಇರ್ಲಿಲ್ಲ. ಅದೊಂದು ಆಟ. ನಾವು ನಾಕೈದು ಜನ ಕೂತ್ಕೊಂಡು ಆಡ್ತೀವಿ. ಅದರಲ್ಲಿ ಒಬ್ಬೊಬ್ಬರು ಒಂದೊಂದು...” ದಾಳದ ಬಗ್ಗೆ ಹೇಳಿದ, ಡಾಕ್ಟರು ಪೊಲೀಸರ ಬಗ್ಗೆ ಹೇಳಿದ. ಹೇಳುತ್ತ ಹೋದಂತೆ ಅದೆಲ್ಲ ಎಷ್ಟು ಕ್ಷುಲ್ಲಕವಾಗಿ ಕೇಳಿಸುತ್ತಿದೆ ಎಂದು ಅವನಿಗೇ ನಾಚಿಕೆಯಾಯಿತು. ಕೆನೆ ಮೀಸೆಗೆ ಅಂಟಿಕೊಂಡಿತ್ತು, ಒರೆಸಿಕೊಳ್ಳಲು ಧೈರ್ಯವಾಗಲಿಲ್ಲ.

ಹನುಮಕ್ಕ ಹಸುವಿನ ಕಡೆ ನೋಡುತ್ತ ಕೇಳಿದಳು. “ಬಾಗ್ಲಾಗ್ ನಿಂತು ಬಟ್ಟೆ ಕೇಳ್ದೋನು ನೀನೇನಾ?”

“ಹೌದು.”

“ಪಕ್ಕದ್ಮನೆ ಫೋನಾಗ್ ಕೇಳಿಸ್ದ್ರು. ಗಂಡಸಿನ್ ದನಿ ಅಂತ ನಂಗೂ ಗೊತ್ತಾಯ್ತು ಕಣಪ್ಪ. ಆದ್ರೂ ಇನ್ನೊಂದ್ಸಲ ಹಾಕು ಅಂದೆ. ಇಪ್ಪತ್ತೊರ್ಸ ಆಯ್ತು, ಈ ಊರಾಗೆ ಒಬ್ರೂ ನನ್ನೆದ್ರಿಗೆ ಅವಳ ಹೆಸ್ರು ಎತ್ತಾಕಿಲ್ಲ. ನೀನು ಬಾಯ್ತುಂಬ ಅಂದ್ಯಲ್ಲ, ನಾನು ಶಶಿರೇಖಾ ಅಂತ.” ಅವಳು ಟವೆಲಿನ ಕಡೆ ತಲೆ ತಿರುಗಿಸಲಿಲ್ಲ. ಅವನೂ ತಿರುಗಿಸಲಿಲ್ಲ.

“ಸುಳ್ಳಮ್ಮ ಅದು. ನಿಮ್ಮ ಮಗಳು ಬರಲ್ಲ. ಆ ಬಟ್ಟೆ ತೆಗೆದುಬಿಡಿ.”

“ಬರಾಕಿಲ್ಲ ಅಂತ ನಿಂಗ್ಯಾರು ಯೋಳಿದ್ರು?” ಎಂದಳು. ಹನುಮಕ್ಕ ಬಂದು ಅವನೆದುರು, ನೆಲದ ಮೇಲೆ, ಕಾಲು ಮಡಿಸಿ ಕುಳಿತಳು. “ಆಡು. ನನ್ನೆದ್ರಿಗೂ ಆಡು ಆಟಾವ. ನೀನು ಅವಳಾಗು. ನಾನು ನಾನೇ. ಒಂದ್ಮಾತು ಕೇಳ್ತೀನಿ, ಯೋಳು.”

ಆಗುವುದಿಲ್ಲ ಎನ್ನಲು ಲಕ್ಷ್ಮೀಕಾಂತ ಬಾಯಿ ತೆರೆದ. ಹಾಲು ಕೊಳ್ಳುವವರಿಲ್ಲದೆ ಈ ಮನೆಯ ಎರಡನೆಯ ಗೂಟ ಖಾಲಿಯಾಗಲು ಕಾರಣನಾದವನು ಆಗುವುದಿಲ್ಲ ಎಂದು ಹೇಗೆ ಹೇಳುವುದು. ಅವನು ತಲೆ ತಗ್ಗಿಸಿದ. ಅದನ್ನೇ ಒಪ್ಪಿಗೆ ಎಂದು ಅವಳು ತೆಗೆದುಕೊಂಡಳು.

“ಶಶಿ,” ಎಂದಳು. ದನಿ ಬದಲಾಗಿತ್ತು, ಒಲೆಯ ಮುಂದೆ ಕುಳಿತು ಕರೆದಂತಿತ್ತು. “ಅವತ್ತು ಬೆಳಿಗ್ಗೆ ನೀನು ಹಾಲಿನ ಕ್ಯಾನು ಉಳ್ಳಿಸ್ದೆ. ಎಲ್ಲಾರ ಹೋಗಿ ಸಾಯಿ ಅಂದೆ ನಾನು. ದಿನಾ ಅಂತಿದ್ದೆ. ಅದ್ಕೇ ಹೋದ್ಯಾ?”

ಮೇಜಿನ ಸುತ್ತ ಇಂಥ ನೂರು ಪ್ರಶ್ನೆಗಳಿಗೆ ಅವನು ತಡವರಿಸದೆ ಉತ್ತರ ಕೊಟ್ಟಿದ್ದ. ಈಗಲೂ ದನಿ ಬಂತು, ಅದೇ ದಣಿದ, ಸಣ್ಣ ದನಿ, ಕರೆಯದೆಯೇ ಬಂತು. “ಇಲ್ಲಮ್ಮ. ಕಾಲು ಜಾರ್ತು.”

ಹನುಮಕ್ಕ ಅವನನ್ನು ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. “ನೀನು ಒಳ್ಳೇವ್ನು ಕಣಪ್ಪ,” ಎಂದಳು. “ಅವಳಲ್ಲ ನೀನು. ಅವಳಾಗಿದ್ರೆ ಹೂಂ ಅಂತಿದ್ಲು. ಸುಳ್ಳು ಯೋಳೋಳಲ್ಲ ನನ್ ಮಗಳು.” ಇನ್ನೂ ಹತ್ತಿರಕ್ಕೆ ಸರಿದು ಅವನ ಮಂಡಿಯ ಮೇಲೆ ಕೈಯಿಟ್ಟಳು. ಆ ಕೈಯ ಭಾರ ಅವನು ತಾಳಲಾರದಷ್ಟಿತ್ತು. “ಇನ್ನೊಂದ್ಸಲ ಕೇಳ್ತೀನಿ. ಅದ್ಕೇ ಹೋದ್ಯಾ ಶಶಿ?”

ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೊಂದೇ ನಿಜ. ಆ ನಿಜ ಅವಳಿಗೆ ಇಪ್ಪತ್ತು ವರ್ಷದಿಂದ ಪ್ರತಿದಿನ ಸಿಗುತ್ತಲೇ ಇತ್ತು. “ಹೂಂ,” ಎಂದ.

ಅವಳ ಕೈ ಮಂಡಿಯ ಮೇಲೆ ಒಮ್ಮೆ ಬಿಗಿಯಿತು, ಸಡಿಲಾಯಿತು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡ. ಅವಳು ಎದ್ದು, ಸೊಂಟದ ಸೆರಗು ಬಿಗಿದು, ಲೋಟ ಎತ್ತಿಕೊಂಡು ಒಳಹೋದಳು. ಹೊರೆ ಇಳಿಸಿದವಳ ನಡಿಗೆಯೋ ಹೊರೆ ಹೊತ್ತವಳ ನಡಿಗೆಯೋ ಎಂದು ಹಿಂದಿನಿಂದ ತಿಳಿಯಲಿಲ್ಲ. ಪಾತ್ರೆ ತೊಳೆಯುವ ಸದ್ದು ಬಂತು. ಲಕ್ಷ್ಮೀಕಾಂತ ಜಗುಲಿಯಿಂದ ಇಳಿದು, ಚಪ್ಪಲಿ ಸಿಕ್ಕಿಸಿಕೊಂಡ.

ಏರಿಯ ಕಡೆಯಿಂದ ಎರಡು ಬೈಕು ಬಂದು ಮನೆಯ ಮುಂದೆಯೇ ನಿಂತವು. ಮೂವರು ಹುಡುಗರು, ಕಾಲೇಜಿನವರಿರಬೇಕು. ಒಬ್ಬ ಕೋಲಿನ ತುದಿಗೆ ಫೋನು ಸಿಕ್ಕಿಸುತ್ತ, “ಅಣ್ಣಾ, ಹಾಲಿನ್ ಮನೆ ಇದೇನಾ? ಅಜ್ಜಿ ಇದಾರಾ ಒಳಗೆ?” ಎಂದು ಕೇಳಿದ.

“ಇಂಥದ್ದೇನೂ ಇಲ್ಲ ಇಲ್ಲಿ. ಎಲ್ಲ ಸುಳ್ಳು. ಹೋಗ್ರಪ್ಪ,” ಎಂದ ಲಕ್ಷ್ಮೀಕಾಂತ. ಕೋಲಿನ ಹುಡುಗ ಅವನ ಮುಖವನ್ನೇ ದಿಟ್ಟಿಸಿದ, ಆಮೇಲೆ ಬಾಯಿಯನ್ನು. ಅವನ ಹುಬ್ಬು ಮೇಲೇರಿತು. “ಲೇ,” ಎಂದ ಪಕ್ಕದವನಿಗೆ, ಮೆಲ್ಲಗೆ, “ದನಿ ಕೇಳ್ಸ್ಕೊಂಡ್ಯೇನ್ಲಾ? ಅದೇ ದನಿ ಅಲ್ವಾ?” ಫೋನಿನ ಕಣ್ಣು ಲಕ್ಷ್ಮೀಕಾಂತನ ಕಡೆ ತಿರುಗಿತು. ಅವನು ಮುಖ ಮುಚ್ಚಿಕೊಳ್ಳಲು ಚೀಲ ಎತ್ತಿದ. ಗೃಹಪ್ರವೇಶದ ಕಾರ್ಡುಗಳು ಧೂಳಿನಲ್ಲಿ ಚೆಲ್ಲಿದವು.

“ಶಶೀ,” ಎಂದು ಒಳಗಿಂದ ಹನುಮಕ್ಕ ಕೂಗಿದಳು. ಹುಡುಗರು ನಿಂತಲ್ಲೇ ನಿಂತರು. “ಯಾರೇ ಅದು ಬಾಗ್ಲಾಗೆ? ಬಿಸ್ಲಾಗ್ ಏನ್ ಮಾತು? ಒಳೀಕ್ ಬಾ.”

ಅದು ಹುಡುಗರನ್ನು ಹೆದರಿಸಲು ಕೂಗಿದ್ದೋ, ತನ್ನನ್ನೇ ಕರೆದದ್ದೋ ಎಂದು ಲಕ್ಷ್ಮೀಕಾಂತ ಒಂದು ಕ್ಷಣ ಯೋಚಿಸಿದ. ಬೈಕಿನ ಮೇಲಿದ್ದವನೊಬ್ಬ ಆಗಲೇ ಕಿಕ್ ಹೊಡೆಯುತ್ತಿದ್ದ, ಅದು ಹತ್ತುತ್ತಿರಲಿಲ್ಲ. ಕೋಲು ಹಿಡಿದವನು ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದ, ಆದರೂ ಫೋನು ಕೆಳಗಿಳಿದಿರಲಿಲ್ಲ.

“ಶಶೀ, ಬಂದ್ಯೇನೇ?”

“ಬಂದೆ,” ಎಂದ ಲಕ್ಷ್ಮೀಕಾಂತ. ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ, ಆ ಸಣ್ಣ ಬಾಗಿಲೊಳಗೆ ಹೋದ.